ಮಿದುಳಿನ ಅನ್ಯೂರಿಸಂ ಒಡೆದ ಮೇಲೆ ಬದುಕು ಮತ್ತು ಚೇತರಿಕೆ: ಕೋಲಾರ ಜಿಲ್ಲೆಯ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಕ್ಕನಿಗೆ ಅನ್ಯೂರಿಸಂ ಒಡೆದು, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಆಕೆ ಮನೆಗೆ ಮರಳಿದ ನಂತರ, ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರ, ಮಾಲೂರು ಕಡೆಯ ಹಲವು ಮನೆಯವರು ಪರಿಚಯದವರ ಮೂಲಕ ನಮ್ಮನ್ನು ವಿಚಾರಿಸಿದ್ದಾರೆ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಂದೆಡೆ ಸೇರಿಸಿದ್ದೇನೆ. ನಾನು ವೈದ್ಯನಲ್ಲ, ರೋಗಿಯನ್ನು ನೋಡಿಕೊಂಡ ಮನೆಯವನು. ಔಷಧಿಯ ಪ್ರಮಾಣವನ್ನು, ಚಿಕಿತ್ಸೆಯ ಆಯ್ಕೆಯನ್ನು ನಿಮ್ಮ ರೋಗಿಯನ್ನು ಪರೀಕ್ಷಿಸಿದ ವೈದ್ಯರೇ ನಿರ್ಧರಿಸಬೇಕು.

ಅನ್ಯೂರಿಸಂ ಎಂದರೇನು? ಅದು ಗೆಡ್ಡೆಯೇ?

ಗೆಡ್ಡೆಯಲ್ಲ. ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯ ಗೋಡೆ ಒಂದು ಕಡೆ ದುರ್ಬಲವಾಗಿ, ಸೈಕಲ್ ಟ್ಯೂಬಿನ ಸವೆದ ಜಾಗದಂತೆ ಒಳಗಿನ ಒತ್ತಡಕ್ಕೆ ಹೊರಕ್ಕೆ ಉಬ್ಬಿಕೊಂಡರೆ ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಮಿದುಳಿನ ತಳಭಾಗದಲ್ಲಿ ರಕ್ತನಾಳಗಳು ಕವಲೊಡೆಯುವ ಸ್ಥಳಗಳಲ್ಲಿ ಇದು ಹೆಚ್ಚಾಗಿ ಕಾಣಿಸುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಯಲ್ಲಿ ಇಂಥ ಉಬ್ಬು ಇರುತ್ತದೆ; ಹೆಚ್ಚಿನವು ಜೀವಮಾನದಲ್ಲಿ ಒಡೆಯುವುದೇ ಇಲ್ಲ. ಒಡೆದಾಗ ಮಾತ್ರ ರಕ್ತವು ಮಿದುಳಿಗೂ ಅದನ್ನು ಸುತ್ತಿರುವ ತೆಳುವಾದ ಪೊರೆಗೂ ನಡುವಿನ ಜಾಗದಲ್ಲಿ ಹರಡುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ‘ಎಸ್‌ಎಎಚ್’ ಎಂದು ಬರೆದಿರುವುದೂ, ಊರಿನಲ್ಲಿ ‘ತಲೆಯಲ್ಲಿ ನರ ಒಡೆದಿದೆ’ ಎಂದು ಹೇಳುವುದೂ ಇದನ್ನೇ.

ಸಾಮಾನ್ಯ ತಲೆನೋವಿಗೂ ಇದಕ್ಕೂ ವ್ಯತ್ಯಾಸ ಹೇಗೆ ತಿಳಿಯುತ್ತದೆ?

ಅನ್ಯೂರಿಸಂ ಒಡೆದಾಗ ಬರುವ ನೋವು ನಿಧಾನವಾಗಿ ಏರುವುದಿಲ್ಲ. ಕೆಲವು ಸೆಕೆಂಡುಗಳಿಂದ ಒಂದು ನಿಮಿಷದೊಳಗೆ ತುತ್ತತುದಿ ಮುಟ್ಟುತ್ತದೆ. ‘ಜೀವಮಾನದಲ್ಲಿ ಇಂಥ ತಲೆನೋವು ಕಂಡಿಲ್ಲ’ ಎಂಬ ಮಾತನ್ನು ರೋಗಿಗಳು ಬಹುತೇಕ ಒಂದೇ ರೀತಿಯಲ್ಲಿ ಹೇಳುತ್ತಾರೆ. ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ಬೆಳಕು ನೋಡಲಾಗದಿರುವುದು, ಫಿಟ್ಸ್, ಪ್ರಜ್ಞೆ ತಪ್ಪುವುದು, ಒಂದು ಕಣ್ಣಿನ ರೆಪ್ಪೆ ಜೋತು ಬಿದ್ದು ಎರಡೆರಡಾಗಿ ಕಾಣಿಸುವುದು, ಇವುಗಳಲ್ಲಿ ಕೆಲವು ಇರಬಹುದು. ಕೆಲವರಿಗೆ ದೊಡ್ಡ ರಕ್ತಸ್ರಾವಕ್ಕೆ ಮೊದಲು ಇದೇ ಬಗೆಯ ಹಠಾತ್ ನೋವು ಒಮ್ಮೆ ಬಂದು ತಾನಾಗಿಯೇ ಇಳಿದಿರುತ್ತದೆ. ಗ್ಯಾಸ್ ಎಂದೋ ಬಿಸಿಲು ಬಡಿದಿದೆ ಎಂದೋ ಸುಮ್ಮನಾಗುವುದು ಇಲ್ಲಿಯೇ. ನೋವು ಇಳಿದರೂ ಸ್ಕ್ಯಾನ್ ಮಾಡಿಸಲೇಬೇಕು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಆ ಕ್ಷಣದಲ್ಲಿ ಏನು ಮಾಡಬೇಕು? ನೇರವಾಗಿ ಬೆಂಗಳೂರಿಗೆ ಹೊರಡಬೇಕೇ?

108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಹೃದಯಾಘಾತಕ್ಕೆ ಕೊಡುವ ಆಸ್ಪಿರಿನ್ ಮಾತ್ರೆಯನ್ನು ಇಲ್ಲಿ ಕೊಡಲೇಬಾರದು, ಏಕೆಂದರೆ ಅದು ರಕ್ತಸ್ರಾವವನ್ನು ಹೆಚ್ಚಿಸಬಲ್ಲದು. ನೋವು ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲ 6 ಗಂಟೆಗಳೊಳಗೆ ಮಾಡಿದ ಸಿ.ಟಿ. ಸ್ಕ್ಯಾನ್ ಈ ರಕ್ತಸ್ರಾವವನ್ನು ಹೆಚ್ಚುಕಡಿಮೆ ತಪ್ಪದೆ ತೋರಿಸುತ್ತದೆ. ದಿನಗಳು ಕಳೆದಂತೆ ರಕ್ತದ ಗುರುತು ಮಸುಕಾಗಿ, ಬೆನ್ನುಮೂಳೆಯ ನೀರು ತೆಗೆದು ಪರೀಕ್ಷಿಸಬೇಕಾಗಿ ಬರಬಹುದು.

ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮುಳಬಾಗಿಲಿನಿಂದಲೋ ಕೆಜಿಎಫ್‌ನಿಂದಲೋ ಪ್ರಜ್ಞೆ ಮಂಕಾಗಿರುವ ರೋಗಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಒಂದೇ ಸಮನೆ ಬೆಂಗಳೂರಿಗೆ ಓಡಿಸುವುದು ಸರಿಯಲ್ಲ. ಕೋಲಾರದಿಂದಲೇ ಬೆಂಗಳೂರು 70 ಕಿಲೋಮೀಟರಿಗೆ ಸಮೀಪ. ಹೊಸಕೋಟೆ ದಾಟಿ ಕೆ.ಆರ್. ಪುರದ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡಾಗ ಉಸಿರು ಕಟ್ಟಿದರೆ ಕೈಯಲ್ಲಿ ಏನೂ ಇರುವುದಿಲ್ಲ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೋ ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಉಸಿರಾಟ, ರಕ್ತದೊತ್ತಡಗಳನ್ನು ಹತೋಟಿಗೆ ತಂದು, ಸ್ಕ್ಯಾನ್ ಮಾಡಿಸಿ, ಮುಂದಿನ ಆಸ್ಪತ್ರೆಗೆ ಅಲ್ಲಿನ ವೈದ್ಯರಿಂದಲೇ ಮಾತನಾಡಿಸಿ, ಆಂಬುಲೆನ್ಸ್‌ನಲ್ಲಿ ಹೊರಡುವುದು ಕ್ಷೇಮ. ಆದರೆ ರಕ್ತಸ್ರಾವ ಎಂದು ಖಚಿತವಾದ ಮೇಲೆ ತಡಮಾಡಬೇಡಿ: ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲೇ ಅತಿ ಹೆಚ್ಚು, ಮತ್ತು ಎರಡನೆಯ ರಕ್ತಸ್ರಾವ ಮೊದಲನೆಯದಕ್ಕಿಂತ ಘೋರ.

ಬದುಕುಳಿಯುವ ಸಾಧ್ಯತೆ ಎಷ್ಟು?

ಈ ಪ್ರಶ್ನೆಯನ್ನು ಕೇಳುವವರಿಗೆ ಸತ್ಯವನ್ನೇ ಹೇಳಬೇಕು. ಅನ್ಯೂರಿಸಂ ಒಡೆದವರಲ್ಲಿ ನೂರಕ್ಕೆ 10ರಿಂದ 15 ಮಂದಿ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಳ್ಳುತ್ತಾರೆ. ಒಟ್ಟಾರೆಯಾಗಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನ ಉಳಿಯುವುದಿಲ್ಲ. ಉಳಿದವರ ಮುಂದಿನ ಸ್ಥಿತಿಯನ್ನು ಮುಖ್ಯವಾಗಿ ನಿರ್ಧರಿಸುವುದು ಆಸ್ಪತ್ರೆಗೆ ಬಂದಾಗ ಅವರಿಗೆ ಎಷ್ಟು ಎಚ್ಚರವಿತ್ತು ಎಂಬುದು. ಮಾತನಾಡುತ್ತಾ ಬಂದವರಿಗೂ ಕೋಮಾದಲ್ಲಿ ಬಂದವರಿಗೂ ನಡುವೆ ಬಹಳ ಅಂತರವಿದೆ. ಅದಕ್ಕಾಗಿಯೇ ವೈದ್ಯರು 1ರಿಂದ 5ರವರೆಗೆ ಶ್ರೇಣಿ ನೀಡುತ್ತಾರೆ. ನಿಮ್ಮ ರೋಗಿಯ ಶ್ರೇಣಿ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಪಕ್ಕದ ಹಾಸಿಗೆಯವರಿಗೆ ಏನಾಯಿತು ಎಂಬುದರಿಂದ ನಿಮ್ಮವರ ಬಗ್ಗೆ ಊಹಿಸಬೇಡಿ.

ಕ್ಲಿಪ್ ಒಳ್ಳೆಯದೋ, ಕಾಯಿಲ್ ಒಳ್ಳೆಯದೋ?

ಕ್ಲಿಪ್ ವಿಧಾನದಲ್ಲಿ ತಲೆಬುರುಡೆಯನ್ನು ತೆರೆದು ಉಬ್ಬಿನ ಬುಡಕ್ಕೆ ಲೋಹದ ಸಣ್ಣ ಚಿಮ್ಮಟವನ್ನು ಹಾಕುತ್ತಾರೆ. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಮೊದಲು ಇದನ್ನು ಮಾಡಿದರು. ಕಾಯಿಲ್ ವಿಧಾನದಲ್ಲಿ ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ಮಿದುಳಿನವರೆಗೆ ಕಳುಹಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿಗಳನ್ನು ತುಂಬುತ್ತಾರೆ; ಇದು 1990ರ ದಶಕದಲ್ಲಿ ಬಳಕೆಗೆ ಬಂತು. ಎರಡೂ ವಿಧಾನಗಳು ಸಾಧ್ಯವಿರುವ ರೋಗಿಗಳನ್ನು ಹೋಲಿಸಿ 2002ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಕಾಯಿಲ್ ಹಾಕಿಸಿಕೊಂಡವರ ಸ್ಥಿತಿ ಉತ್ತಮವಾಗಿತ್ತು. ಆದರೆ ಕಾಯಿಲ್ ಹಾಕಿದ ಉಬ್ಬು ಮತ್ತೆ ತೆರೆದುಕೊಳ್ಳುವ ಸಾಧ್ಯತೆ ಸ್ವಲ್ಪ ಹೆಚ್ಚು. ಉಬ್ಬಿನ ಆಕಾರ, ಜಾಗ, ಬುಡದ ಅಗಲ, ರೋಗಿಯ ವಯಸ್ಸು ಇವುಗಳ ಮೇಲೆ ನಿರ್ಧಾರ ನಿಂತಿರುವುದರಿಂದ, ತಲೆ ತೆರೆಯುವುದು ಬೇಡವೇ ಬೇಡ ಎಂದು ಮನೆಯವರು ಪಟ್ಟು ಹಿಡಿಯುವುದು ರೋಗಿಗೆ ಒಳಿತಲ್ಲ.

ಆಪರೇಷನ್ ಚೆನ್ನಾಗಿ ಆಗಿದೆ ಎಂದರು. ಆದರೂ ಎರಡು ವಾರ ಐಸಿಯುನಲ್ಲಿ ಏಕೆ ಇಡುತ್ತಾರೆ?

ಕ್ಲಿಪ್ ಅಥವಾ ಕಾಯಿಲ್ ಮತ್ತೆ ಒಡೆಯುವುದನ್ನು ತಡೆಯುತ್ತದೆಯೇ ಹೊರತು ಈಗಾಗಲೇ ಹರಡಿರುವ ರಕ್ತದ ಪರಿಣಾಮವನ್ನು ಅಳಿಸುವುದಿಲ್ಲ. ಸರಿಸುಮಾರು 4ನೇ ದಿನದಿಂದ 14ನೇ ದಿನದವರೆಗೆ ಮಿದುಳಿನ ರಕ್ತನಾಳಗಳು ಸೆಡೆತುಕೊಂಡು ಕಿರಿದಾಗಬಹುದು. ಆಗ ಚೆನ್ನಾಗಿ ಮಾತನಾಡುತ್ತಿದ್ದವರು ಇದ್ದಕ್ಕಿದ್ದಂತೆ ಮಂಕಾಗುವುದು, ಕೈಕಾಲು ಬಲ ಕಳೆದುಕೊಳ್ಳುವುದು ಉಂಟು. ಇದರ ಹಾನಿಯನ್ನು ತಗ್ಗಿಸಲು ನಿಮೋಡಿಪಿನ್ ಎಂಬ ಔಷಧಿಯನ್ನು ಸಾಮಾನ್ಯವಾಗಿ 4 ಗಂಟೆಗೊಮ್ಮೆ, 21 ದಿನ ಕೊಡುತ್ತಾರೆ. ಅಷ್ಟರೊಳಗೆ ಮನೆಗೆ ಕಳುಹಿಸಿದರೆ ಉಳಿದ ದಿನಗಳ ಮಾತ್ರೆಯನ್ನು ಬೆಂಗಳೂರಿನಿಂದ ಹೊರಡುವ ಮೊದಲೇ ಕೊಂಡುಕೊಳ್ಳಿ, ಊರಿನ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ ಎಂಬ ಭರವಸೆಯಲ್ಲಿ ಬರಬೇಡಿ. ರಾತ್ರಿಯ ಡೋಸ್‌ಗೂ ಅಲಾರಂ ಇಟ್ಟು ಎಬ್ಬಿಸಿ ಕೊಡಬೇಕು.

ಮಿದುಳಿನ ನೀರು ಸರಾಗವಾಗಿ ಹರಿಯದೆ ತುಂಬಿಕೊಳ್ಳುವುದು ಇನ್ನೊಂದು ತೊಂದರೆ. ಮೊದಲು ತಲೆಯಿಂದ ಹೊರಕ್ಕೆ ತಾತ್ಕಾಲಿಕ ಕೊಳವೆ ಹಾಕುತ್ತಾರೆ, ಕೆಲವರಿಗೆ ಮುಂದೆ ಹೊಟ್ಟೆಗೆ ನೀರು ಇಳಿಸುವ ಶಾಶ್ವತ ಶಂಟ್ ಬೇಕಾಗುತ್ತದೆ. ರಕ್ತದಲ್ಲಿ ಸೋಡಿಯಂ ಇಳಿಯುವುದೂ ಈ ದಿನಗಳಲ್ಲಿ ಸಾಮಾನ್ಯ.

ಖರ್ಚಿಗೆ ಸರ್ಕಾರದ ನೆರವು ಸಿಗುತ್ತದೆಯೇ?

ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು, ದಾಖಲಾದ ದಿನವೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಾಣಿ. ಹಣ ಕಟ್ಟಿ ಬಿಲ್ ಮಾಡಿಸಿದ ಮೇಲೆ ಕೇಳಿದರೆ ಕಷ್ಟ.

ಮನೆಗೆ ಬಂದಿದ್ದಾರೆ, ನೋಡಲು ಚೆನ್ನಾಗಿದ್ದಾರೆ, ಆದರೆ ಮೊದಲಿನಂತಿಲ್ಲ. ಏಕೆ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದೂ ಇದೇ. ಗಾಯ ಒಣಗಿ, ಕೂದಲು ಬೆಳೆದು, ಓಡಾಡುತ್ತಿರುವ ವ್ಯಕ್ತಿಯನ್ನು ನೋಡಿ ಎಲ್ಲರೂ ಗುಣವಾಗಿದೆ ಎಂದು ತೀರ್ಮಾನಿಸುತ್ತಾರೆ. ಆದರೆ ನೆನಪು, ಗಮನ, ಕೆಲಸಗಳನ್ನು ಒಂದರ ನಂತರ ಒಂದಾಗಿ ಜೋಡಿಸಿಕೊಳ್ಳುವ ಶಕ್ತಿ, ಬೇಕಾದ ಪದ ಬಾಯಿಗೆ ಬರುವುದು, ಇವು ಬದುಕುಳಿದವರಲ್ಲಿ ಅನೇಕರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕುಂದಿರುತ್ತವೆ.

ನನ್ನ ಅಕ್ಕ ಒಲೆಯ ಮೇಲೆ ಎಸರಿಟ್ಟು, ರಾಗಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು, ಕೈಯಲ್ಲಿ ಮುದ್ದೆ ಕೋಲು ಹಿಡಿದು, ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಂತುಬಿಡುತ್ತಿದ್ದಳು. ಎಸರು ಕುದಿದು ಉಕ್ಕುತ್ತಿರುತ್ತಿತ್ತು. ಹಿಟ್ಟು ಹಾಕು ಎಂದು ಯಾರಾದರೂ ಹೇಳಿದರೆ ಸಾಕು, ಉಳಿದದ್ದನ್ನು ಕೈಗಳೇ ಮಾಡಿ ಮುಗಿಸುತ್ತಿದ್ದವು. ಮುದ್ದೆ ಗಂಟಿಲ್ಲದೆ ಬರುತ್ತಿತ್ತು. ಕಳೆದುಹೋಗಿದ್ದು ಕೈಯ ರೂಢಿಯಲ್ಲ, ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ದಾಟುವ ಶಕ್ತಿ. ಅಡುಗೆಮನೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಹೆಜ್ಜೆಗಳನ್ನು ಬರೆದು ಅಂಟಿಸಿದೆವು, ಗ್ಯಾಸ್ ಹಚ್ಚಿದಾಗ ಯಾರಾದರೊಬ್ಬರು ಜೊತೆಗಿರುವಂತೆ ನೋಡಿಕೊಂಡೆವು. ಒಂದು ಸಲಕ್ಕೆ ಒಂದೇ ಕೆಲಸ, ಮಾತನಾಡುವಾಗ ಟಿ.ವಿ. ಬಂದ್, ಮಾತ್ರೆಗಳಿಗೆ ಬೆಳಿಗ್ಗೆ–ಮಧ್ಯಾಹ್ನ–ರಾತ್ರಿ ಎಂದು ಬರೆದ ಡಬ್ಬಿ, ಎಲ್ಲವನ್ನೂ ಬರೆದಿಡುವ ಒಂದೇ ನೋಟ್‌ಬುಕ್. ಇವು ಸಣ್ಣ ಏರ್ಪಾಡುಗಳಾದರೂ ನಮ್ಮ ಮನೆಯಲ್ಲಿ ಇವುಗಳಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ. ‘ಇಷ್ಟೂ ಗೊತ್ತಾಗಲ್ವಾ’ ಎಂಬ ಮಾತು ಮಾತ್ರ ಮನೆಯಲ್ಲಿ ಯಾರ ಬಾಯಿಂದಲೂ ಬರಕೂಡದು.

ನಿಮ್ಹಾನ್ಸ್‌ನಲ್ಲಿ ನೆನಪು, ಗಮನಗಳನ್ನು ವಿವರವಾಗಿ ಪರೀಕ್ಷಿಸಿ ತರಬೇತಿ ಕೊಡುವ ಮನೋವಿಜ್ಞಾನ ತಜ್ಞರೂ, ಪುನಶ್ಚೇತನ ವಿಭಾಗವೂ ಇದ್ದಾರೆ. ಕೇಳದಿದ್ದರೆ ಎಷ್ಟೋ ಬಾರಿ ಆ ಕಡೆಗೆ ಕಳುಹಿಸುವುದೇ ಇಲ್ಲ, ಆದ್ದರಿಂದ ನೀವೇ ಕೇಳಿ. 2022ರಲ್ಲಿ ನಿಮ್ಹಾನ್ಸ್ ಸಹಯೋಗದಲ್ಲಿ ಆರಂಭವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಮೊದಲ ಹಂತದಲ್ಲಿಯೇ ನಮ್ಮ ಜಿಲ್ಲೆಯನ್ನು ಸೇರಿಸಿಕೊಂಡಿತ್ತು. ಪ್ರತಿ ಸಣ್ಣ ಸಮಸ್ಯೆಗೂ ಬೆಂಗಳೂರಿಗೆ ಓಡುವ ಬದಲು ಮೊದಲು ಜಿಲ್ಲಾ ಆಸ್ಪತ್ರೆಯ ಮಿದುಳು ಆರೋಗ್ಯ ಕ್ಲಿನಿಕ್‌ನಲ್ಲಿ ವಿಚಾರಿಸಿ.

ಸ್ನಾನ ಮಾಡಿದರೂ ಸುಸ್ತು ಎನ್ನುತ್ತಾರೆ. ಇದು ಸೋಮಾರಿತನವೇ?

ಅಲ್ಲ. ದಣಿವು ಈ ರೋಗದ ನಂತರದ ಅತಿ ಸಾಮಾನ್ಯವಾದ ಮತ್ತು ಅತಿ ದೀರ್ಘಕಾಲದ ತೊಂದರೆ. ನಿದ್ದೆ ಮಾಡಿದರೂ ಪೂರ್ತಿ ಹೋಗುವುದಿಲ್ಲ, ಮತ್ತು ಜನಜಂಗುಳಿ, ಗದ್ದಲ, ದೀರ್ಘ ಮಾತುಕತೆಗಳು ದೈಹಿಕ ಕೆಲಸಕ್ಕಿಂತ ಹೆಚ್ಚು ದಣಿಸುತ್ತವೆ. ಕಷ್ಟದ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಕತ್ತಲ ಕೋಣೆಯಲ್ಲಿ ವಿಶ್ರಾಂತಿ ಕೊಡಿ. ಒಂದು ದಿನ ಚೆನ್ನಾಗಿದ್ದಾರೆಂದು ಎಲ್ಲ ಕೆಲಸವನ್ನೂ ಮಾಡಿಸಿದರೆ ಮುಂದಿನ ಎರಡು ದಿನ ಏಳಲಾಗುವುದಿಲ್ಲ. ದಣಿವು ವಿಪರೀತವಾಗಿದ್ದರೆ ರಕ್ತಹೀನತೆ, ಥೈರಾಯ್ಡ್ ಹಾಗೂ ಇತರ ಹಾರ್ಮೋನುಗಳ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು, ಏಕೆಂದರೆ ಈ ರಕ್ತಸ್ರಾವದಿಂದ, ಮಿದುಳಿನ ಬುಡದಲ್ಲಿದ್ದು ಹಾರ್ಮೋನುಗಳನ್ನು ಹತೋಟಿಯಲ್ಲಿಡುವ ಪಿಟ್ಯುಟರಿ ಗ್ರಂಥಿಗೂ ಪೆಟ್ಟಾಗಿರಬಹುದು.

ಸುಮ್ಮಸುಮ್ಮನೆ ಅಳುತ್ತಾರೆ, ಸಿಟ್ಟಾಗುತ್ತಾರೆ. ದೃಷ್ಟಿ ತೆಗೆಸಬೇಕೇ?

ನಿಮ್ಮ ಮನೆಯ ನಂಬಿಕೆಯನ್ನು ನಾನು ಪ್ರಶ್ನಿಸುವುದಿಲ್ಲ. ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಆದರೆ ವೈದ್ಯರ ಬಳಿಗೂ ಕರೆದುಕೊಂಡು ಹೋಗಿ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದಾಗ ಭಾವನೆಗಳ ಮೇಲಿನ ಹತೋಟಿ ತಪ್ಪುತ್ತದೆ. ಅದಲ್ಲದೆ, ಸಾವಿನ ಅಂಚಿಗೆ ಹೋಗಿ ಬಂದ ಭಯ ಬೇರೆ ಇರುತ್ತದೆ: ಸಣ್ಣ ತಲೆನೋವು ಬಂದರೂ ಮತ್ತೆ ಒಡೆಯಿತೇನೋ ಎಂಬ ಆತಂಕ, ಮಲಗಲು ಹೆದರಿಕೆ. ಖಿನ್ನತೆಗೂ ಆತಂಕಕ್ಕೂ ಪರಿಣಾಮಕಾರಿ ಚಿಕಿತ್ಸೆಯಿದೆ. ಮನೆಯಿಂದಲೇ ಮಾತನಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಿಲ್ಲ. ರೋಗಿಯನ್ನು ನೋಡಿಕೊಂಡು ಬಸವಳಿದ ಹೆಂಡತಿ, ಗಂಡ, ಮಕ್ಕಳೂ ಅದಕ್ಕೆ ಕರೆ ಮಾಡಬಹುದು.

ನೆಂಟರು ನೋಡಲು ಬರುತ್ತಲೇ ಇರುತ್ತಾರೆ. ಬೇಡ ಎನ್ನುವುದು ಹೇಗೆ?

ಹೇಳಲೇಬೇಕು. ಡಾಕ್ಟರು ಹತ್ತು ನಿಮಿಷಕ್ಕಿಂತ ಹೆಚ್ಚು ಮಾತನಾಡಿಸಬಾರದು ಎಂದಿದ್ದಾರೆ ಎಂದು ಮನೆಯ ಹಿರಿಯರೊಬ್ಬರು ಬಾಗಿಲಲ್ಲೇ ಹೇಳಿದರೆ ಯಾರೂ ಬೇಸರಪಡುವುದಿಲ್ಲ. ಒಬ್ಬೊಬ್ಬರಾಗಿ ಬರಲಿ, ‘ನನ್ನ ಗುರುತು ಸಿಕ್ಕಿತಾ’ ಎಂದು ಪರೀಕ್ಷೆ ಮಾಡುವುದನ್ನು ದಯವಿಟ್ಟು ತಡೆಯಿರಿ.

ಪೂರ್ತಿ ಗುಣವಾಗಲು ಎಷ್ಟು ಕಾಲ ಬೇಕು?

ಮೊದಲ 3ರಿಂದ 6 ತಿಂಗಳುಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಒಂದೆರಡು ವರ್ಷಗಳ ನಂತರವೂ ಹೊಸ ಸುಧಾರಣೆ ಕಂಡವರಿದ್ದಾರೆ. ಕೆಲವರು ಸಂಪೂರ್ಣವಾಗಿ ಹಿಂದಿನ ಜೀವನಕ್ಕೆ ಮರಳುತ್ತಾರೆ, ಕೆಲವರಿಗೆ ಕೈಕಾಲಿನ ದೌರ್ಬಲ್ಯವೋ ಮಾತಿನ ತೊಡಕೋ ಉಳಿಯುತ್ತದೆ. ಫಿಸಿಯೋಥೆರಪಿ, ವಾಕ್ ಚಿಕಿತ್ಸೆಗಳನ್ನು ಬೇಗ ಶುರು ಮಾಡಿ ನಡುವೆ ಬಿಡದಿರುವುದೇ ನಮ್ಮ ಕೈಯಲ್ಲಿರುವ ದೊಡ್ಡ ಉಪಾಯ. ಶಾಶ್ವತ ವೈಕಲ್ಯ ಉಳಿದವರು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಯುಡಿಐಡಿ ಎಂಬ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು; ಶೇ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಹಲವು ಸೌಲಭ್ಯಗಳು ದೊರೆಯುತ್ತವೆ.

ಕೆಲಸಕ್ಕೆ ಯಾವಾಗ ಹೋಗಬಹುದು? ಗಾಡಿ ಓಡಿಸಬಹುದೇ?

ಗಾಡಿಯ ವಿಷಯದಲ್ಲಿ ವೈದ್ಯರ ಒಪ್ಪಿಗೆ ಇಲ್ಲದೆ ಕೈ ಹಾಕಬೇಡಿ. ಫಿಟ್ಸ್ ಬಂದಿದ್ದರೆ, ದೃಷ್ಟಿಯ ಒಂದು ಬದಿ ಕಾಣಿಸದಿದ್ದರೆ ಅಪಾಯ ರೋಗಿಗೆ ಮಾತ್ರವಲ್ಲ. ಇದೇ ಕಾರಣಕ್ಕೆ ಒಂಟಿಯಾಗಿ ಬಾವಿ, ಕೃಷಿ ಹೊಂಡದ ಬಳಿ ಹೋಗುವುದು, ಮಾವಿನ ಮರ ಹತ್ತುವುದು, ಟ್ರ್ಯಾಕ್ಟರ್ ನಡೆಸುವುದು ಬೇಡ.

ಕೆಲಸಕ್ಕೆ ಮೆಲ್ಲಗೆ ಮರಳುವುದೇ ಸರಿ. ಅಕ್ಕ ಮೊದಲು ಡೇರಿಗೆ ಹಾಲು ಹಾಕಲು ಮಾತ್ರ ಹೋಗತೊಡಗಿದಳು. ಕೊಟ್ಟ ಚೀಟಿಯನ್ನು ಅಲ್ಲೇ ಪುಸ್ತಕದಲ್ಲಿಟ್ಟುಕೊಂಡು ಬಂದು, ಮನೆಯಲ್ಲಿ ಮಗಳೊಂದಿಗೆ ಲೆಕ್ಕ ನೋಡುತ್ತಿದ್ದಳು. ಟೊಮೆಟೊ ಹೊತ್ತು ಮಂಡಿಗೆ ಹೋಗುವ, ಹರಾಜಿನ ಗದ್ದಲದಲ್ಲಿ ನಿಂತು ದರ ಲೆಕ್ಕ ಹಾಕುವ ಕೆಲಸವನ್ನು ಬಹಳ ಕಾಲ ಭಾವನವರೇ ಮಾಡಿದರು. ಬಂಗಾರಪೇಟೆಯಿಂದ ದಿನವೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಗೆ ನಾನು ಹೇಳುವುದು, ಕೆಲಸಕ್ಕಿಂತ ಮೊದಲು ಆ ಪ್ರಯಾಣವನ್ನು ತಡೆದುಕೊಳ್ಳಬಲ್ಲಿರಾ ಎಂದು ನೋಡಿಕೊಳ್ಳಿ.

ಗಂಡ–ಹೆಂಡತಿಯ ಸಂಬಂಧಕ್ಕೆ ಅಡ್ಡಿಯಿದೆಯೇ?

ಅನ್ಯೂರಿಸಂಗೆ ಸರಿಯಾದ ಚಿಕಿತ್ಸೆಯಾಗಿ, ವೈದ್ಯರು ಸಾಮಾನ್ಯ ಓಡಾಟಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಸಂಕೋಚಪಡದೆ ವೈದ್ಯರನ್ನೇ ಕೇಳಿ. ಅವರಿಗೆ ಇದು ಹೊಸ ಪ್ರಶ್ನೆಯಲ್ಲ.

ಪಥ್ಯ ಏನು? ಲಕ್ವಕ್ಕೆ ಕೊಡುವ ನಾಟಿ ಔಷಧಿ ಕೊಡಿಸಬಹುದೇ?

ಮುದ್ದೆ, ಸೊಪ್ಪಿನ ಸಾರು, ಹಣ್ಣು, ಹಾಲು ಎಲ್ಲವೂ ಆಗುತ್ತದೆ. ಮುಖ್ಯವಾದ ಪಥ್ಯ ರಕ್ತದೊತ್ತಡದ್ದು: ಉಪ್ಪಿನಕಾಯಿ, ಹಪ್ಪಳ, ಉಪ್ಪು ಕಡಿಮೆಯಿರಲಿ, ಬಿಪಿ ಮಾತ್ರೆ ಒಂದು ದಿನವೂ ತಪ್ಪದಿರಲಿ. ಬೀಡಿ, ಸಿಗರೇಟುಗಳನ್ನು ಪೂರ್ತಿಯಾಗಿ ಬಿಡಬೇಕು. ಅನ್ಯೂರಿಸಂ ಬೆಳೆಯಲು, ಒಡೆಯಲು ನಮ್ಮ ಹತೋಟಿಯಲ್ಲಿರುವ ಎರಡು ದೊಡ್ಡ ಕಾರಣಗಳೆಂದರೆ ಧೂಮಪಾನ ಮತ್ತು ಅಧಿಕ ರಕ್ತದೊತ್ತಡ. ನಾಟಿ ಔಷಧಿ ಬೇಡ ಎಂದೇ ನನ್ನ ಸಲಹೆ. ಅದರಲ್ಲಿ ಏನಿದೆ ಎಂಬುದು ನಿಮಗೂ ವೈದ್ಯರಿಗೂ ತಿಳಿದಿರುವುದಿಲ್ಲ, ಫಿಟ್ಸ್ ಮಾತ್ರೆ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳೊಂದಿಗೆ ಅದು ಹೇಗೆ ವರ್ತಿಸುತ್ತದೆ ಎಂಬುದೂ ತಿಳಿಯದು.

ಮಕ್ಕಳಿಗೂ, ಒಡಹುಟ್ಟಿದವರಿಗೂ ಬರುತ್ತದೆಯೇ?

ಮನೆಯಲ್ಲಿ ಒಬ್ಬರಿಗೆ ಮಾತ್ರ ಬಂದಿದ್ದರೆ ಉಳಿದವರಿಗೆ ಬರುವ ಸಾಧ್ಯತೆ ಕಡಿಮೆ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿಗೆ ಬಂದಿದ್ದರೆ, ಇಲ್ಲವೇ ಕುಟುಂಬದಲ್ಲಿ ಮೂತ್ರಪಿಂಡಗಳ ತುಂಬ ನೀರುಗುಳ್ಳೆಗಳಾಗುವ ಆನುವಂಶಿಕ ಕಾಯಿಲೆ ಇದ್ದರೆ, ಉಳಿದವರಿಗೆ ಎಂಆರ್‌ಐ ಮೂಲಕ ರಕ್ತನಾಳಗಳ ಪರೀಕ್ಷೆಯ ಬಗ್ಗೆ ನರರೋಗ ತಜ್ಞರೊಂದಿಗೆ ಮಾತನಾಡಬೇಕು. ಮೂವತ್ತು ದಾಟಿದ ಎಲ್ಲರ ಬಿಪಿ ನೋಡಿಸಿ. 2024ರಲ್ಲಿ ಕೋಲಾರದಿಂದಲೇ ಆರಂಭವಾದ ಗೃಹ ಆರೋಗ್ಯ ಯೋಜನೆಯವರು ಮನೆಗೆ ಬಂದಾಗ ತಪ್ಪಿಸಿಕೊಳ್ಳಬೇಡಿ.

ಸ್ಕ್ಯಾನ್‌ನಲ್ಲಿ ಒಡೆಯದ ಇನ್ನೊಂದು ಅನ್ಯೂರಿಸಂ ಕಂಡಿದೆ. ಹೆದರಬೇಕೇ?

ಒಬ್ಬರಲ್ಲೇ ಒಂದಕ್ಕಿಂತ ಹೆಚ್ಚು ಇರುವುದು ಅಪರೂಪವಲ್ಲ. 7 ಮಿಲಿಮೀಟರಿಗಿಂತ ಸಣ್ಣವು, ಅದರಲ್ಲೂ ಮುಂಭಾಗದ ರಕ್ತನಾಳಗಳಲ್ಲಿರುವಂಥವು, ಒಡೆಯುವ ಸಾಧ್ಯತೆ ಸಾಮಾನ್ಯವಾಗಿ ಕಡಿಮೆ. ಆದರೆ ಈಗಾಗಲೇ ಒಂದು ಒಡೆದಿರುವವರಲ್ಲಿ ಇನ್ನೊಂದನ್ನು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತಾರೆ.

ಮುಂದೆ ಎಂಆರ್‌ಐ ಮಾಡಿಸಬಹುದೇ? ಹಲ್ಲು ಕೀಳಿಸಬಹುದೇ?

ಈಗ ಬಳಸುವ ಟೈಟಾನಿಯಂ ಕ್ಲಿಪ್, ಪ್ಲಾಟಿನಂ ಕಾಯಿಲ್‌ಗಳಿಗೆ ಎಂಆರ್‌ಐ ಸಾಮಾನ್ಯವಾಗಿ ಸುರಕ್ಷಿತ. ಹಳೆಯ ಕಾಲದ ಕೆಲವು ಉಕ್ಕಿನ ಕ್ಲಿಪ್‌ಗಳಿಗೆ ಪ್ರಾಣಾಪಾಯವಿದೆ. ಆದ್ದರಿಂದ ಯಾವ ಕ್ಲಿಪ್ ಎಂದು ಬರೆದಿರುವ ಕಾಗದವನ್ನು ತೋರಿಸದೆ ಯಂತ್ರದ ಕೋಣೆಗೆ ಹೋಗಬಾರದು. ರಕ್ತನಾಳದೊಳಗೆ ಸ್ಟೆಂಟ್ ಅಥವಾ ಫ್ಲೋ ಡೈವರ್ಟರ್ ಎಂಬ ಲೋಹದ ಜಾಲರಿ ಕೊಳವೆ ಹಾಕಿದ್ದರೆ, ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು ಕೊಟ್ಟಿರುತ್ತಾರೆ. ಹಲ್ಲು ಕೀಳಿಸಲೆಂದು ನೀವೇ ಅವನ್ನು ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಂಡು ಪಾರ್ಶ್ವವಾಯು ಹೊಡೆಯಬಹುದು.

ಯಾವ ಲಕ್ಷಣ ಕಂಡರೆ ತಕ್ಷಣ ಮತ್ತೆ ಆಸ್ಪತ್ರೆಗೆ ಹೋಗಬೇಕು?

ಮತ್ತೆ ಹಠಾತ್ ತೀವ್ರ ತಲೆನೋವು, ಫಿಟ್ಸ್, ಹೊಸದಾಗಿ ಕೈಕಾಲು ಬಲಹೀನತೆ, ಮಾತು ತೊದಲುವುದು, ಹೆಚ್ಚುತ್ತಿರುವ ಮಂಪರು, ಗಾಯದಿಂದ ಕೀವು ಅಥವಾ ನೀರು, ಜ್ವರದೊಂದಿಗೆ ಕುತ್ತಿಗೆ ಬಿಗಿತ ಕಂಡರೆ ಕಾಯಬೇಡಿ. ನಡಿಗೆ ತಡವರಿಸುತ್ತಾ, ಮರೆವು ಹೆಚ್ಚುತ್ತಾ, ಮೂತ್ರ ತಡೆಯಲಾಗದಂತಾದರೆ ಮಿದುಳಿನಲ್ಲಿ ನೀರು ತುಂಬುತ್ತಿರಬಹುದು. ಇದು ವಾರಗಳ ನಂತರವೂ ಬರಬಹುದು, ವಯಸ್ಸಾಯಿತು ಎಂದು ಸುಮ್ಮನಿರಬೇಡಿ.

ತಪಾಸಣೆಗೆ ಹೋಗುವಾಗ ಏನೇನು ಒಯ್ಯಬೇಕು?

ಡಿಸ್ಚಾರ್ಜ್ ಸಾರಾಂಶ, ಕ್ಲಿಪ್ ಅಥವಾ ಕಾಯಿಲ್‌ನ ವಿವರ, ಸ್ಕ್ಯಾನ್‌ನ ಸಿ.ಡಿ. ಮತ್ತು ಫಿಲಂ, ಬಿಪಿ ಬರೆದ ಪುಸ್ತಕ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯ ಬದಲು ಮಾತ್ರೆಯ ಪಟ್ಟೆಗಳನ್ನೇ ಒಯ್ಯಿರಿ. ಎಲ್ಲ ಕಾಗದಗಳ ಫೋಟೋ ಇಬ್ಬರ ಮೊಬೈಲ್‌ನಲ್ಲಿ ಇರಲಿ. ಕಾಯಿಲ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಮೊದಲ ಆರು ತಿಂಗಳ ಸುಮಾರಿಗೆ ರಕ್ತನಾಳಗಳ ಮರುಪರೀಕ್ಷೆ ಇರುತ್ತದೆ. ಚೆನ್ನಾಗಿಯೇ ಇದ್ದಾರಲ್ಲ ಎಂದು ಅದನ್ನು ಬಿಡುವುದು ಬೇಡ, ತೆರೆದುಕೊಂಡ ಉಬ್ಬು ಯಾವ ನೋವನ್ನೂ ಕೊಡುವುದಿಲ್ಲ. ವೈದ್ಯರ ಮುಂದೆ ರೋಗಿ ‘ಎಲ್ಲ ಚೆನ್ನಾಗಿದೆ’ ಎಂದುಬಿಡುತ್ತಾರೆ. ಹಾಗಾಗಿ ನೆನಪು, ದಣಿವು, ಸಿಟ್ಟು, ನಿದ್ದೆಯ ಬಗ್ಗೆ ಮನೆಯವರು ಹಿಂದಿನ ದಿನವೇ ನಾಲ್ಕು ಸಾಲು ಬರೆದಿಟ್ಟುಕೊಂಡು, ಕೋಣೆಯೊಳಗೆ ಹೋದ ತಕ್ಷಣ ಆ ಚೀಟಿಯನ್ನು ವೈದ್ಯರ ಕೈಗೆ ಕೊಡಿ.